ಮಂಡಿ ಆಪರೇಷನ್: ಡಾಕ್ಟರಿಗೆ ಐದಕ್ಕೆ ಐದು, ಕನ್ಸೆಂಟ್ ಫಾರ್ಮಿಗೆ ಎರಡು

ಅಮ್ಮನ ಬಲ ಮಂಡಿ ಬದಲಿಸಿದ್ದು ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ. ಹೆಸರು ಹಾಕುವುದಿಲ್ಲ, ಬೇರೆ ಕಡೆಯೂ ಇದೇ ಕಥೆ ಅಂತ ನೆಂಟರೆಲ್ಲ ಹೇಳುತ್ತಾರೆ. ಆಪರೇಷನ್ ಚೆನ್ನಾಗಿ ಆಯಿತು. ಅಮ್ಮ ಈಗ ತರಕಾರಿಗೆ ತಾವೇ ನಡೆದು ಹೋಗುತ್ತಾರೆ. ರೂಮು, ಫಿಸಿಯೋ ಎಲ್ಲ ಪರವಾಗಿಲ್ಲ, ಊಟಕ್ಕೆ ಉಪ್ಪೇ ಇರಲಿಲ್ಲ. ನಾನು ಬರೆಯುತ್ತಿರುವುದು ಆಪರೇಷನ್‌ಗೆ ಒಪ್ಪಿಗೆ ತೆಗೆದುಕೊಳ್ಳುವ ರೀತಿಯ ಬಗ್ಗೆ.

ಒಪಿಡಿಯಲ್ಲಿ ಸರ್ಜನ್ ನನ್ನನ್ನು ಬಿಟ್ಟು ಅಮ್ಮನ ಜೊತೆಯೇ ಮಾತಾಡಿದರು, ಅದೂ ಕನ್ನಡದಲ್ಲಿ. "ಅಮ್ಮಾ, ನಿಮಗೆ ಏನು ಮಾಡೋಕೆ ಕಷ್ಟ ಆಗ್ತಿದೆ ಹೇಳಿ" ಅಂತ ಶುರು. ಆಮೇಲೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಇಂಡಿಯನ್ ಟಾಯ್ಲೆಟ್ ಎರಡೂ ಬಿಡಬೇಕು ಅಂತ ಮೊದಲೇ ಹೇಳಿದರು. 100ರಲ್ಲಿ ಒಬ್ಬಿಬ್ಬರಿಗೆ ಸೋಂಕು ಆಗಬಹುದು, ಅದು ಆಳಕ್ಕೆ ಇಳಿದರೆ ಹಾಕಿದ್ದನ್ನೇ ತೆಗೆದು ಮತ್ತೆ ಆಪರೇಷನ್ ಮಾಡಬೇಕಾಗಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಗಾಯದ ಪಕ್ಕದಲ್ಲಿ ಜೋಮು ಉಳಿಯಬಹುದು. ಎಲ್ಲ ಸರಿಯಾಗಿ ನಡೆದರೂ 100ರಲ್ಲಿ 10ರಿಂದ 20 ಜನಕ್ಕೆ ಅಂದುಕೊಂಡಷ್ಟು ಸಮಾಧಾನ ಸಿಗುವುದಿಲ್ಲ ಅನ್ನುವುದನ್ನೂ ಮುಚ್ಚಿಡಲಿಲ್ಲ. "ಮಾಡಿಸದೇ ಇದ್ರೆ ಏನಾಗುತ್ತೆ?" ಅಂತ ಅಮ್ಮ ಕೇಳಿದರು. ಪ್ರಾಣಕ್ಕೇನೂ ತೊಂದರೆ ಇಲ್ಲ, ನೋವು ಜಾಸ್ತಿ ಆಗ್ತಾ ಹೋಗಬಹುದು, ತೂಕ ಇಳಿಸಿ ವ್ಯಾಯಾಮ ಮಾಡಿ ಇನ್ನಷ್ಟು ದಿನ ತಳ್ಳಬಹುದು ಅಂದರು. ಎರಡೂ ಮಂಡಿ ಒಟ್ಟಿಗೆ ಮಾಡಿಸಿದರೆ ಖರ್ಚು ಉಳಿಯುತ್ತೆ ಅಂತ ಚಿಕ್ಕಪ್ಪ ಹಟ ಹಿಡಿದಿದ್ದರು. ಈ ವಯಸ್ಸಿಗೆ, ಬಿಪಿ ಶುಗರ್ ಇಟ್ಟುಕೊಂಡು, ಹೃದಯದ ಮೇಲೆ ಅಷ್ಟು ಭಾರ ಹಾಕುವುದು ಬೇಡ ಅಂತ ಹೇಳಿ ಅವರ ಬಾಯಿ ಮುಚ್ಚಿಸಿದ್ದೂ ಇದೇ ಡಾಕ್ಟರ್. ಐದಕ್ಕೆ ಐದು ಇವರಿಗೇ.

ಅಡ್ಮಿಟ್ ಆದ ರಾತ್ರಿ ಬಂತು ನೋಡಿ, ಒಂದು ಕಟ್ಟು ಕಾಗದ. ಎಲ್ಲ ಇಂಗ್ಲಿಷ್, ಇರುವೆ ಸಾಲಿನಂಥ ಅಕ್ಷರ. ಸಿಸ್ಟರ್ ಪೆನ್ನು ಕೊಟ್ಟಿದ್ದು ನನ್ನ ಕೈಗೆ. "ಇಲ್ಲಿ, ಇಲ್ಲಿ, ಆಮೇಲೆ ಇಲ್ಲಿ ಸೈನ್ ಮಾಡಿ ಸರ್, ಸುಮ್ನೆ ಫಾರ್ಮಾಲಿಟಿ." ಅಮ್ಮ ಅಲ್ಲೇ ಮಂಚದ ಮೇಲೆ ಕನ್ನಡಕ ಹಾಕಿಕೊಂಡು ಪೇಪರ್ ಓದುತ್ತಾ ಕೂತಿದ್ದಾರೆ! ನಿವೃತ್ತ ಟೀಚರ್ ಬೇರೆ. ಯಾವ ಆಪರೇಷನ್, ಯಾವ ಕಾಲು ಅನ್ನುವ ಜಾಗ ಇನ್ನೂ ಖಾಲಿ.

ಮಂಡಿ ಅಮ್ಮನದು, ಸಹಿ ನನ್ನದು ಯಾಕೆ? ಇದು ಸಣ್ಣ ವಿಷಯ ಅಲ್ಲ. ಸಮೀರಾ ಕೊಹ್ಲಿ ಅನ್ನುವ ರೋಗಿ ತಮ್ಮ ಡಾಕ್ಟರ್ ಮೇಲೆ ಹಾಕಿದ ಕೇಸಿದೆ. ಆಕೆ ಬರೀ ಪರೀಕ್ಷೆಗೆ ಅಂತ ಒಪ್ಪಿದ್ದರು. ಅನಸ್ತೇಶಿಯಾದಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆದುಬಿಟ್ಟರು. ತುರ್ತು ಇಲ್ಲದಿರುವಾಗ, ತಾನೇ ತೀರ್ಮಾನ ಮಾಡಬಲ್ಲ ವಯಸ್ಕರ ಪರವಾಗಿ ಮನೆಯವರು ಒಪ್ಪಿದರೆ ನಡೆಯುವುದಿಲ್ಲ ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಏನು ಮಾಡುತ್ತಾರೆ, ಬೇರೆ ದಾರಿ ಏನಿದೆ, ದೊಡ್ಡ ಅಪಾಯಗಳೇನು, ಬೇಡ ಅಂದರೆ ಏನಾಗುತ್ತದೆ, ಇಷ್ಟನ್ನು ಡಾಕ್ಟರ್ ರೋಗಿಗೇ ಹೇಳಬೇಕು ಅಂತಲೂ ಅದೇ ತೀರ್ಪಿನಲ್ಲಿದೆ.

ಸಿಸ್ಟರ್ ಮೇಲೆ ಕೋಪ ಇಲ್ಲ, ಇಡೀ ವಾರ್ಡು ಅವರ ತಲೆ ಮೇಲಿತ್ತು. ಡ್ಯೂಟಿ ಡಾಕ್ಟರನ್ನು ಕರೆಸಿ ಅಂದೆವು. ಪಾಪ, ಚಿಕ್ಕ ಹುಡುಗಿ, ಬಂದು ಖಾಲಿ ಜಾಗ ತುಂಬಿಸಿ, ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದರು. ಬೆನ್ನಿಗೆ ಇಂಜೆಕ್ಷನ್ನೋ ಪೂರ್ತಿ ಮತ್ತೋ ಅಂತ ಅಮ್ಮ ಕೇಳಿದ್ದಕ್ಕೆ, ಅದನ್ನು ಅನಸ್ತೇಶಿಯಾ ಡಾಕ್ಟರೇ ಬಂದು ಹೇಳಲಿ ಅಂತ ಆ ಹಾಳೆಯನ್ನು ಬೆಳಿಗ್ಗೆಗೆ ಇಟ್ಟರು. ಉಳಿದದ್ದಕ್ಕೆ ಅಮ್ಮನೇ ಸಹಿ ಹಾಕಿದರು, ಕನ್ನಡದಲ್ಲಿ.

ಇನ್ನೊಂದು ಕೊರತೆ: ಯಾವ ಕಂಪನಿಯ ಇಂಪ್ಲಾಂಟ್ (ಒಳಗೆ ಹಾಕುವ ಕೃತಕ ಮಂಡಿ) ಅನ್ನುವುದು ಫಾರ್ಮಿನಲ್ಲೇ ಇಲ್ಲ. 2017ರಲ್ಲಿ ಸರ್ಕಾರ ಇದರ ಬೆಲೆಗೆ ಮಿತಿ ಹಾಕಿದೆ, ಹಾಗಾಗಿ ಮೊದಲೇ ಕೇಳಿ ಬರೆಸಿಕೊಳ್ಳಿ. ಡಿಸ್ಚಾರ್ಜ್ ಆಗುವಾಗ ಕಂಪನಿ ಹೆಸರು, ನಂಬರ್ ಇರುವ ಇಂಪ್ಲಾಂಟ್ ಸ್ಟಿಕ್ಕರ್ ಫೈಲಿನಲ್ಲಿ ಇದೆಯಾ ಅಂತಲೂ ನೋಡಿ.

ಎಡ ಮಂಡಿಗೂ ಇಲ್ಲಿಗೇ ಹೋಗುತ್ತೀರಾ ಅಂತ ಕೇಳಿದರೆ, ಹೌದು, ಆ ಡಾಕ್ಟರಿಗಾಗಿ. ಈ ಸಲ ಫಾರ್ಮನ್ನು ಒಪಿಡಿಯಲ್ಲೇ ಇಸಿದುಕೊಂಡು ಮನೆಗೆ ತರುತ್ತಾರಂತೆ ಅಮ್ಮ, ಕೆಂಪು ಪೆನ್ನು ಹಿಡಿದು ಓದೋಕೆ.