ಬೊಲಿವಿಯನ್ ರಾಮ್ ತೊಟ್ಟಿಗೆ ಜೋಡಿ ಸ್ಪಂಜಿನ ಫಿಲ್ಟರ್
ಬೊಲಿವಿಯನ್ ರಾಮ್, ಜಗಳಗಂಟ ಮೀನುಗಳೇ ಹೆಚ್ಚಿರುವ ಸಿಕ್ಲಿಡ್ ಕುಟುಂಬದ್ದಾದರೂ ಸಾಧು ಮೀನು. ಮರಳನ್ನು ಬಾಯ್ತುಂಬಾ ತೆಗೆದು ಕಿವಿರುಗಳಿಂದ ಸೋಸಿ ಉದುರಿಸುತ್ತಲೇ ಇರುತ್ತದೆ. ಆ ಮರಳು ಮೋಟಾರ್ ಫಿಲ್ಟರಿಗೆ ಹೊಕ್ಕರೆ ನೀರು ತಳ್ಳುವ ಚಕ್ರ (ಇಂಪೆಲ್ಲರ್) ಸವೆಯುತ್ತದೆ. ಏರ್ ಪಂಪಿನ ಗಾಳಿಯಿಂದ ನಡೆಯುವ ಜೋಡಿ ಸ್ಪಂಜಿನ ಫಿಲ್ಟರಿಗೆ ಆ ಕಾಟವಿಲ್ಲ, ನೀರಿನ ಸೆಳೆತವೂ ಹಗುರ. ಒಂದು ಜೋಡಿ ಮೀನಿರುವ 100 ಲೀಟರಿನ ತೊಟ್ಟಿಗೆ ಇದೊಂದು ಸಾಕು. ಆದರೆ ಹಾಕಿದ ಕೂಡಲೇ ಮೀನು ಬಿಡಬೇಡಿ. ಕೊಳೆಯ ವಿಷವನ್ನು ಕರಗಿಸುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು, ಆ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯಬೇಕು. ಗುಳ್ಳೆ ಸರಿಯಿದ್ದೂ ನೀರು ಮಬ್ಬಾದರೆ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಎರಡು ಸ್ಪಂಜುಗಳನ್ನೂ ಒಂದೇ ದಿನ ಹಿಂಡಬಾರದು. ಕೊರತೆಯೆಂದರೆ, ಇದರ ಜೊತೆ ಸಾಮಾನ್ಯವಾಗಿ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಬರುವುದಿಲ್ಲ. ಪಂಪು ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಕರೆಂಟು ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿಗೇ ನುಗ್ಗುತ್ತದೆ.