ದಪ್ಪ ಮೆಣಸಿನಕಾಯಿಗೆ ಯಾವುದು ಒಳ್ಳೆಯದು: ನೆಲವೋ, ಕುಂಡವೋ, ಗ್ರೋ ಬ್ಯಾಗೋ?

ಒಂದೇ ಪ್ಯಾಕೆಟ್ಟಿನ ಬೀಜ, ಒಂದೇ ಟ್ರೇಯಲ್ಲಿ ಎಬ್ಬಿಸಿದ ಸಸಿಗಳು. ಐದಾರು ಎಲೆ ಬಂದ ಮೇಲೆ ಕೆಲವನ್ನು ನೆಲಕ್ಕೆ, ಕೆಲವನ್ನು ಪ್ಲಾಸ್ಟಿಕ್ ಕುಂಡಕ್ಕೆ, ಉಳಿದವನ್ನು ಬಟ್ಟೆಯ ಗ್ರೋ ಬ್ಯಾಗಿಗೆ ನೆಟ್ಟೆ. ಗೊಬ್ಬರವೂ ಮೂರಕ್ಕೂ ಒಂದೇ. ಹಾಗಾಗಿ ಮುಂದೆ ಕಂಡ ವ್ಯತ್ಯಾಸಕ್ಕೆ ಬೇರು ಕೂತ ಜಾಗವೇ ಮುಖ್ಯ ಕಾರಣ ಅಂತ ನನ್ನ ಲೆಕ್ಕ.

ಶುರುವಿನಲ್ಲಿ ಗ್ರೋ ಬ್ಯಾಗಿನದೇ ಮೇಲುಗೈ. ಬಟ್ಟೆಯ ಅಂಚಿಗೆ ಬಂದ ಬೇರಿನ ತುದಿ ಗಾಳಿಗೆ ಒಣಗುತ್ತದೆ, ಅದರ ಹಿಂದಿನಿಂದ ಹೊಸ ಬೇರುಗಳು ಕವಲೊಡೆಯುತ್ತವೆ. ಪ್ಲಾಸ್ಟಿಕ್ ಕುಂಡದಲ್ಲಿ ಹೀಗಾಗುವುದಿಲ್ಲ, ಬೇರು ಗೋಡೆಗುಂಟ ಸುತ್ತು ಹಾಕುತ್ತಾ ಹೋಗುತ್ತದೆ. ನೆಲದ ಗಿಡ ಮಾತ್ರ ಎಷ್ಟೋ ದಿನ ಹಾಗೇ ಮಂಕಾಗಿ ನಿಂತಿತ್ತು.

ಕಾಯಿ ಕಟ್ಟಿದ ಮೇಲೆ ಕಥೆಯೇ ಬೇರೆ. ಬ್ಯಾಗ್ ಎಲ್ಲಾ ಕಡೆಯಿಂದಲೂ ಒಣಗುತ್ತದೆ. ಬೆಳಗ್ಗೆ ನೀರು ಹಾಕಿದ್ದರೂ ಬಿಸಿಲಿನ ದಿನ ಸಂಜೆಗೆ ಎಲೆ ಜೋತು ಬೀಳುತ್ತಿತ್ತು. ಆಮೇಲೆ ಕಾಯಿಯ ತಳದಲ್ಲಿ ನೀರು ತುಂಬಿಕೊಂಡಂಥ ಮಾಸಲು ಮಚ್ಚೆ ಕಾಣಿಸಿತು. ಮುಟ್ಟಿದರೆ ಮೆತ್ತಗೆ. ಕೆಲವೇ ದಿನಕ್ಕೆ ಅದು ಕಂದಾಗಿ, ಒಳಕ್ಕೆ ತಗ್ಗಿ, ಚರ್ಮದ ಹಾಗೆ ಗಡುಸಾಯಿತು. ಇದು ರೋಗವಲ್ಲ, ಔಷಧಿ ಹೊಡೆದು ಪ್ರಯೋಜನವಿಲ್ಲ. ಬೆಳೆಯುವ ಕಾಯಿಗೆ ಕ್ಯಾಲ್ಸಿಯಂ ಸಾಲದೆ ಹೀಗಾಗುತ್ತದೆ. ಕ್ಯಾಲ್ಸಿಯಂ ಗಿಡದೊಳಗೆ ಹರಿಯುವುದು ನೀರಿನ ಜೊತೆ. ನೀರನ್ನು ಜಾಸ್ತಿ ಎಳೆದುಕೊಳ್ಳುವುದು ಎಲೆ, ಕಾಯಿಗೆ ಉಳಿಯುವುದು ಕಡಿಮೆ. ಮಣ್ಣು ಒಮ್ಮೆ ಒಣಗಿ ಒಮ್ಮೆ ತೊಯ್ದರೆ ಅದೂ ತಪ್ಪುತ್ತದೆ. ಎಲ್ಲರೂ ಮೊಟ್ಟೆ ಚಿಪ್ಪು ಹಾಕಿ ಅನ್ನುತ್ತಾರೆ. ಅದು ಕರಗುವಷ್ಟರಲ್ಲಿ ಬೆಳೆಯೇ ಮುಗಿದಿರುತ್ತದೆ, ಅಲ್ವಾ?

ನೆಲದ ಗಿಡದಲ್ಲಿ ಈ ಕಾಟ ಹೆಚ್ಚುಕಮ್ಮಿ ಇರಲೇ ಇಲ್ಲ. ಬುಡಕ್ಕೆ ಒಣ ಎಲೆ ಹೊದಿಸಿದ್ದೆ, ತೇವ ಒಂದೇ ಹದದಲ್ಲಿ ಉಳಿಯಿತು. ಕಾಯಿಯ ಸಿಪ್ಪೆ ದಪ್ಪ, ಕತ್ತರಿಸಿದರೆ ಕರಕರ ಸದ್ದು. ಹಾಗಂತ ನೆಲಕ್ಕೆ ಪೂರ್ತಿ ಅಂಕ ಕೊಡಲಾರೆ. ಜೋರು ಮಳೆಗೆ ನೀರು ನಿಂತರೆ ಬೇರು ಕೊಳೆಯುತ್ತದೆ, ಏರುಮಡಿ ಮಾಡಲೇಬೇಕು. ಹಿಂದಿನ ಸಲ ಟೊಮೆಟೊ, ಬದನೆ, ಆಲೂಗಡ್ಡೆ ಬೆಳೆದ ಜಾಗವೂ ಬೇಡ. ಎಲ್ಲಾ ಒಂದೇ ಕುಟುಂಬ, ಮಣ್ಣಿನಲ್ಲಿ ಉಳಿದ ರೋಗ ಇದಕ್ಕೂ ಅಂಟುತ್ತದೆ.

ಕುಂಡ ಗೆದ್ದಿದ್ದು ಸೆಕೆಗಾಲದಲ್ಲಿ. ಹಗಲಿನ ಬಿಸಿ 32 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಈ ಗಿಡ ಹೂ ಉದುರಿಸುತ್ತದೆ. ಮೊದಲು ಹೂವಿನ ತೊಟ್ಟು ಹಳದಿಯಾಗುತ್ತದೆ, ಬೆರಳು ತಾಕಿದರೆ ಸಾಕು, ಕೈಗೇ ಬರುತ್ತದೆ. ನೆಲದ ಗಿಡಕ್ಕೆ ನೆರಳು ಪರದೆ ಕಟ್ಟುತ್ತಾ ಕೂರಬೇಕಾಯಿತು. ಕುಂಡಗಳನ್ನು ಸುಮ್ನೆ ಎತ್ತಿ, ಮಧ್ಯಾಹ್ನ ನೆರಳು ಬೀಳುವ ಕಡೆ ಇಟ್ಟೆ, ಅಷ್ಟೇ. ಆದರೆ ಕುಂಡ 15-20 ಲೀಟರಿನದಾದರೂ ಇರಲಿ, ಕಪ್ಪು ಬಣ್ಣ ಬೇಡ. ಬಿಸಿಲಿಗೆ ಕಪ್ಪು ಕುಂಡದ ಮಣ್ಣು ಕಾಯುತ್ತದೆ.

ಎಲೆಯ ರಸ ಹೀರುವ ಪುಟ್ಟ ಹುಳಗಳಾದ ನುಸಿ, ಥ್ರಿಪ್ಸ್ ಮಾತ್ರ ಭೇದ ಮಾಡಲಿಲ್ಲ, ಮೂರಕ್ಕೂ ಬಂದವು. ಎಲೆ ಮೇಲಕ್ಕೆ ಮುದುಡಿದರೆ ಸಾಮಾನ್ಯವಾಗಿ ಥ್ರಿಪ್ಸ್, ಕೆಳಕ್ಕೆ ಮುದುಡಿದರೆ ನುಸಿ. ಸಂಜೆ ಹೊತ್ತು ಬೇವಿನೆಣ್ಣೆ ಸಿಂಪಡಿಸಿದೆ, ಎಲೆಯ ಅಡಿಗೂ ತಾಗುವಂತೆ.

ನನ್ನ ಆಯ್ಕೆ ಕೇಳಿದರೆ: ನೀರು ನಿಲ್ಲದ ನೆಲವಿದ್ದರೆ ನೆಲ, ಇಲ್ಲದಿದ್ದರೆ ದೊಡ್ಡ ಕುಂಡ. ಹನಿ ನೀರಾವರಿ ಇದ್ದವರು ಬ್ಯಾಗ್ ನೋಡಬಹುದು, ಕೈಯಲ್ಲಿ ನೀರು ಹಾಕುವವರಿಗೆ ಅದು ಬೇಡದ ಉಸಾಬರಿ. ಕೆಂಪು ಕಾಯಿ ಬೇಕೆಂದರೂ ನೆಲವೇ ವಾಸಿ. ಹಸಿರು ಕಾಯಿ ಗಿಡದಲ್ಲೇ ಬಣ್ಣ ತಿರುಗಲು ಇನ್ನೂ ಎರಡು ಮೂರು ವಾರ ಬೇಕು. ಅಷ್ಟು ದಿನ ಹೊಸ ಕಾಯಿ ಕಟ್ಟುವುದು ಕಮ್ಮಿಯಾಗುತ್ತದೆ. ನೆಲದ ಗಿಡ ಆ ಭಾರ ತಡೆಯಿತು. ಕುಂಡದ ಕಾಯಿಗಳನ್ನು ನಾನು ಹಸಿರಿದ್ದಾಗಲೇ ಕತ್ತರಿಯಲ್ಲಿ ಕತ್ತರಿಸುತ್ತೇನೆ. ಕೈಯಲ್ಲಿ ಎಳೆದರೆ ಕೊಂಬೆಯೇ ಮುರಿದು ಬರುತ್ತದೆ.