ಕತ್ತಲಲ್ಲಿ ಬೆರಳಿಗೆ ಸಿಗುವ ಮಣಿ: ನಾಲ್ಕು ಹಳೆಯ ಜಪಸರಗಳು

ಬೀದರಿನ ನಮ್ಮ ಮನೆಯಲ್ಲಿ ನಾಲ್ಕು ಹಳೆಯ ಜಪಸರಗಳಿವೆ, ಅಂದರೆ ಕಥೋಲಿಕ ಕ್ರೈಸ್ತರು ಜಪ ಎಣಿಸುವ ಮಣಿಸರಗಳು (ರೋಸರಿ). ಒಂದು ಆಯಿಯದು, ಒಂದನ್ನು ವಯಸ್ಸಾದ ಸಿಸ್ಟರ್ ಒಬ್ಬರು ಕೊಟ್ಟರು, ಇನ್ನೆರಡನ್ನು ನಾನೇ ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ತಂದೆ. ಕಳೆದ ಅಕ್ಟೋಬರ್‌ನಲ್ಲಿ, ಅಂದರೆ ಜಪಸರದ ತಿಂಗಳಲ್ಲಿ, ವಾರಕ್ಕೊಂದರಂತೆ ನಾಲ್ಕನ್ನೂ ಹಿಡಿದು ಜಪ ಮಾಡಿದೆ. ದಿನಾ ರಾತ್ರಿ, ದೀಪ ಆರಿಸಿ.

ದೀಪ ಆರಿಸಿದ್ದಕ್ಕೆ ಕಾರಣವಿದೆ. ಜಪಸರದಲ್ಲಿ 59 ಮಣಿ: ಮರಿಯ ಮಾತೆಯ 'ನಮೋ ಮರಿಯ' ಜಪಕ್ಕೆ ಸಣ್ಣವು 53 (ಹತ್ತತ್ತರ ಐದು ಗುಂಪು, ಮೇಲೆ ಮೂರು), 'ಪರಲೋಕದಲ್ಲಿರುವ ನಮ್ಮ ತಂದೆಯೇ' ಜಪಕ್ಕೆ ದೊಡ್ಡವು 6. ಮನಸ್ಸು ಯೇಸು, ಮರಿಯರ ಬಾಳಿನ ಘಟನೆಗಳಾದ ರಹಸ್ಯಗಳ ಧ್ಯಾನದಲ್ಲಿರುವಾಗ ಲೆಕ್ಕ ಇಡುವುದು ಬೆರಳು. ಕತ್ತಲಲ್ಲಿ ಬೆರಳು ದಾರಿ ತಪ್ಪಿದರೆ, ಆ ಸರ ಎಷ್ಟೇ ಚೆಂದವಿರಲಿ, ನನಗೆ ಬೇಡ.

ಮೊದಲ ವಾರ ಮುತ್ತಿನ ಚಿಪ್ಪಿನದು. ಬೆತ್ಲೆಹೇಮಿನಲ್ಲಿ ಫ್ರಾನ್ಸಿಸ್ಕನ್ ಗುರುಗಳ ಆಸರೆಯಲ್ಲಿ ಬೆಳೆದ ಕಸುಬು ಇದು. ಕೈಯಿಂದಲೇ ಕೊರೆದ ಮಣಿಗಳಾದ್ದರಿಂದ ಒಂದರಂತೆ ಇನ್ನೊಂದಿಲ್ಲ. ಹಗಲಲ್ಲಿ ಕಿಟಕಿಯ ಹತ್ತಿರ ಹಿಡಿದರೆ ಒಳಗಿನಿಂದ ಗುಲಾಬಿ, ಹಸಿರು ಬಣ್ಣ ಹಾಯುತ್ತದೆ. ನಾಲ್ಕರಲ್ಲಿ ಕಣ್ಣಿಗೆ ಇದೇ ಮೊದಲು. ಆದರೆ ದೊಡ್ಡ ಮಣಿಗೂ ಸಣ್ಣದಕ್ಕೂ ಕೂದಲೆಳೆ ವ್ಯತ್ಯಾಸ, ಕೈ ಬೆವತರೆ ಜಾರುತ್ತದೆ. ಆ ವಾರ ಮೂರು ಸಲ ಲೆಕ್ಕ ತಪ್ಪಿತು. ಒಂದು ಎಚ್ಚರಿಕೆ: ಹೊಳಪು ಬರಲೆಂದು ನಿಂಬೆಹುಳಿ ತಿಕ್ಕಬೇಡಿ. ಚಿಪ್ಪು ಅಂದರೆ ಸುಣ್ಣದ ಕಲ್ಲಿನ ಜಾತಿಯೇ, ಹುಳಿ ಅದನ್ನು ತಿಂದುಬಿಡುತ್ತದೆ. ನಾನು ತಿಕ್ಕಿದ ಎರಡು ಮಣಿ ಇಂದಿಗೂ ಮಂಕು.

ಎರಡನೆಯದನ್ನು ಅಂಗಡಿಯವರು ದಂತದ್ದೆಂದು ಹೇಳಿ ನನಗೆ ಮಾರಿದ್ದರು. ಮನೆಗೆ ತಂದು ಭೂತಗನ್ನಡಿ ಹಿಡಿದರೆ ಮಣಿಯ ಮೈಮೇಲೆಲ್ಲ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು. ರಕ್ತನಾಳ ಹಾಯ್ದ ಗುರುತು ಅವು, ಅಂದರೆ ಮೂಳೆ. ದಂತದಲ್ಲಿ ಚುಕ್ಕೆ ಇರುವುದಿಲ್ಲ, ಒಂದನ್ನೊಂದು ಹಾಯುವ ಸಣ್ಣ ಗೆರೆಗಳಿರುತ್ತವೆ. ಕೊಟ್ಟ ದುಡ್ಡಿಗೆ ಹೊಟ್ಟೆ ಉರಿಯಿತು, ಆದರೆ ಮನಸ್ಸಿಗೆ ಸಮಾಧಾನವೂ ಆಯಿತು. ನಮ್ಮ ದೇಶದಲ್ಲಿ ದಂತದ ವ್ಯಾಪಾರವೇ ನಿಷಿದ್ಧ. ಆನೆಯನ್ನು ಕೊಂದ ಮಣಿ ಹಿಡಿದು ಮಾತೆಯನ್ನು ಕರೆಯುವುದು ನನ್ನಿಂದಾಗದು. ಮೂಳೆ ಹಗುರ, ಹಿಡಿದ ಕೂಡಲೇ ಕೈಯಷ್ಟೇ ಬೆಚ್ಚಗಾಗುತ್ತದೆ. ದೊಡ್ಡ ಮಣಿಗಳ ಸುತ್ತ ಗೀರು ಕೊರೆದಿದ್ದಾರೆ, ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ನಮ್ಮ ಬೇಸಿಗೆಗೆ ಮಾತ್ರ ತಡೆಯಲಿಲ್ಲ, ಎರಡು ಮಣಿ ಸಣ್ಣಗೆ ಸೀಳಿವೆ.

ಸಿಸ್ಟರ್ ಕೊಟ್ಟದ್ದು ಕಪ್ಪು ಗಾಜಿನದು, ಪ್ರತಿ ಮಣಿಯ ಎರಡೂ ತುದಿಗೆ ಬೆಳ್ಳಿಯ ಟೊಪ್ಪಿಗೆ. ತೂಕವಿದೆ, ತಂಪಿದೆ, ಬೆರಳು ತಪ್ಪುವುದಿಲ್ಲ. ಆದರೆ ನಾಲ್ಕನೇ ದಿನ ಸರಪಳಿ ಬಿಚ್ಚಿ ಮಣಿಗಳು ಹಾಸಿಗೆ ಮೇಲೆ ಚೆಲ್ಲಿದವು. ಸತುವಿನ ಮೇಲೆ ಬೆಳ್ಳಿ ತಂತಿ ಕೂರಿಸಿ, ಆಮೇಲೆ ಕೋಟೆಯ ಮಣ್ಣಿನಿಂದ ಸತುವನ್ನು ಕಪ್ಪಾಗಿಸುವ ಬಿದ್ರಿ ಕೆಲಸದವರೊಬ್ಬರ ಬಳಿ ಒಯ್ದೆ. ಅವರು ಒಂದು ಕೊಂಡಿಯನ್ನು ಉಗುರಿನಿಂದ ಎತ್ತಿ ತೋರಿಸಿದರು: "ನೋಡ್ರಿ ಅಕ್ಕಾ, ತಂತಿ ಬಾಗಿಸಿ ಹಂಗೇ ಬಿಟ್ಟಾರ. ತುದಿ ಸುತ್ತಿಲ್ಲ. ಎಳದ್ರ ಬಾಯಿ ತೆರೀತದ." ಪ್ರತಿ ತುದಿಯನ್ನೂ ಬುಡಕ್ಕೆ ಎರಡು ಸುತ್ತು ಸುತ್ತಿ ಕೊಟ್ಟರು. ಅಂದಿನಿಂದ ಹಳೆಯ ಸರ ಯಾವುದೇ ಕೈಗೆ ಬರಲಿ, ಮಣಿಗಿಂತ ಮೊದಲು ಕೊಂಡಿ ನೋಡುತ್ತೇನೆ.

ಕೊನೆಗೆ ಆಯಿಯದು. ಕೆಸರು ನೆಲದಲ್ಲಿ ಬೆಳೆಯುವ ಒಂದು ಹುಲ್ಲಿನ ಬೀಜ ಅದು. ಬೈಬಲಿನಲ್ಲಿ ಬರುವ ಯೋಬನ ಹೆಸರಿನಲ್ಲಿ ಯೋಬನ ಕಣ್ಣೀರು ಅನ್ನುತ್ತಾರೆ. ಕಣ್ಣೀರಿನ ಹನಿಯದೇ ಆಕಾರ, ಬೂದಿ ಬಣ್ಣ. ಒಳಗಿನ ಕಡ್ಡಿ ಎಳೆದರೆ ದಾರ ಪೋಣಿಸಲು ತೂತು ತಾನೇ ಸಿಗುತ್ತದೆ, ಕೊರೆಯುವ ಕೆಲಸವಿಲ್ಲ. ದೊಡ್ಡ ಮಣಿಗಳು ಮಾತ್ರ ಮರದವು, ಹಾಗಾಗಿ ಬೆರಳಿಗೆ ಗೊಂದಲವೇ ಇಲ್ಲ. ಆಯಿ ಮುದ್ದಿಟ್ಟು ಮುದ್ದಿಟ್ಟು ಶಿಲುಬೆಯ ಮೇಲಿನ ಯೇಸುವಿನ ಪಾದ ಸವೆದು ನುಣ್ಣಗಾಗಿದೆ. ಮೂರನೇ ಹತ್ತರಲ್ಲಿ ಆರನೇ ಬೀಜ ಇಲ್ಲ, ಅಲ್ಲಿ ದಾರದ ಗಂಟಿದೆ. ಚಿಕ್ಕವಳಿದ್ದಾಗ ಕೇಳಿದ್ದಕ್ಕೆ ಆಯಿ, "ಇರ್ಲಿ ಬಿಡವ್ವಾ, ಗಂಟಿಗೂ ಒಂದು ನಮೋ ಮರಿಯ ಅನ್ನು" ಅಂದಿದ್ದಳು. ದೋಷಗಳಿಲ್ಲವೆಂದಲ್ಲ. ಬೀಜಕ್ಕೆ ಹುಳು ಬೀಳುತ್ತದೆ, ಡಬ್ಬಿಯಲ್ಲಿ ಒಣ ಬೇವಿನೆಲೆ ಹಾಕಿಡಬೇಕು. ದಾರವೂ ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು.

ಹಳೆಯ ಸರ ಕೊಳ್ಳುವವರು ನನ್ನನ್ನು ಕೇಳಿದರೆ ಕೊಂಡಿ ಗಟ್ಟಿಯಿರುವ ಗಾಜಿನದನ್ನೇ ಹೇಳುತ್ತೇನೆ. ನಾನು ಭಾನುವಾರ ಪೂಜೆಗೆ ಒಯ್ಯುವುದೂ ಅದನ್ನೇ. ಚಿಪ್ಪಿನದು ಮಗಳ ಮದುವೆಗೆಂದು ಎತ್ತಿಟ್ಟಿದ್ದೇನೆ. ದಿಂಬಿನ ಕೆಳಗಿರುವುದು ಆಯಿಯ ಬೀಜದ ಸರ. ಹೋದ ತಿಂಗಳು ಅದಕ್ಕೆ ಹೊಸ ದಾರ ಹಾಕಿದೆ. ಜೋಡಿಯಾಗುವ ಬೀಜ ಒಂದು ಸಿಕ್ಕಿತ್ತು, ಪೋಣಿಸಲಿಲ್ಲ. ಆರನೇ ಜಾಗದಲ್ಲಿ ಗಂಟನ್ನೇ ಹಾಕಿದೆ.